ಘಟ್ಟದ ಇಳಿಮುಖ

ಬಯಲುಸೀಮೆಯ ಕಡೆಯಿಂದ ರೈಲಿನಲ್ಲಿ ಹೊರಟು, ಬೆಳಗಾವಿಯನ್ನೂ ಖಾನಾಪುರವನ್ನೂ ಹಿಂದಿಕ್ಕಿ, ಲೋಂಡಾ ಜಂಕ್ಷನ್ನಿನಲ್ಲಿ ಕಾಲಿಡುವ ಪ್ರಯಾಣಿಕನಿಗೆ ತಾನು ಸಹ್ಯಾದ್ರಿಯ ನೆತ್ತಿಯ ಮೇಲೆ ನಿಂತಿರುವೆನೆಂಬ ಅರಿವು, ಯಾರಾದರೂ ಹೇಳಿದ ಹೊರತು, ಉಂಟಾಗಲಾರದು. ಪರ್ವತವೆಂದ ಮೇಲೆ ಏರಬೇಕು, ಏದುಸಿರು ಬಿಡಬೇಕು, ಕಡೆಗೊಮ್ಮೆ ಶಿಖರವೆಂಬುದು ದೊರೆತು ಸುತ್ತಲ ದೇಶವೆಲ್ಲ ಕಾಲಡಿಯಲ್ಲಿ ಹಾಸಿಕೊಂಡಿರಬೇಕು. ಇಲ್ಲಿ ಅದಾವುದೂ ಇಲ್ಲ. ಭತ್ತದ ಗದ್ದೆಗಳು, ಕೆಂಪು ಹಂಚು ಹೊದಿಸಿದ ಮನೆಗಳು, ರೈಲ್ವೆ ನೌಕರರ ವಸತಿಸಾಲುಗಳು, ಕನ್ನಡ ಮರಾಠಿ ಕೊಂಕಣಿಗಳು ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವ ಬೀದಿ, ಅದರಾಚೆಗೆ ಮತ್ತಿ, ನಂದಿ, ಜಂಬೆ ಮರಗಳ ಕಾಡು: ಕಣ್ಣಿಗೆ ಬೀಳುವುದು ಇಷ್ಟೇ. ಪೂರ್ವದಿಂದ ಬರುವವನಿಗೆ ಸಹ್ಯಾದ್ರಿಯು ಪರ್ವತವಲ್ಲ, ಒಂದು ಅಂಚು. ನೆಲ ಸಾವಧಾನವಾಗಿ ಹರಿದುಬಂದು, ಒಂದೆಡೆ ಥಟ್ಟನೆ ಮುಗಿದುಹೋಗುತ್ತದೆ. ಮುಗಿದ ಮೇಲೆಯೇ ತಾನು ಎಷ್ಟು ಎತ್ತರದಲ್ಲಿ ಬಾಳುತ್ತಿದ್ದೆನೆಂಬುದು ಮನುಷ್ಯನಿಗೆ ತಿಳಿಯುವುದು.

ನಮ್ಮ ಸೀಮೆಯ ಮಾತಿನಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಗೋವೆಗೆ ಹೋದವನನ್ನು ಕುರಿತು ಇಲ್ಲಿಯವರು ‘ಘಟ್ಟ ಇಳಿದಾನ’ ಎನ್ನುತ್ತಾರೆ; ಹತ್ತುವ ಮಾತು ಅವನು ಮರಳಿ ಬರುವಾಗಿನದು, ಅದೂ ಬಂದರೆ. ನೀರಿಗೂ ಈ ಅಂಚಿನ ಲೆಕ್ಕಾಚಾರ ಚೆನ್ನಾಗಿ ಗೊತ್ತು. ಇದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ, ಹತ್ತಿರದ ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುವ ದೀರ್ಘ ಯಾತ್ರೆಯನ್ನು ಆರಿಸಿಕೊಂಡಿತು. ಅದೇ ತಾಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟಿದ ಮಹಾದಾಯಿಯಾದರೋ ಪಶ್ಚಿಮಕ್ಕೆ ಧುಮುಕಿ, ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು, ಬೇಗನೆ ತನ್ನ ಕೆಲಸ ಮುಗಿಸಿತು. ಲೋಂಡಾದ ಮಗ್ಗುಲಿನ ಪಾಂಡರಿ ಹೊಳೆ ಕಾಳಿಯ ಕೈಹಿಡಿದು ಕಾರವಾರದ ದಾರಿ ಹಿಡಿಯಿತು. ಒಂದೇ ಮಳೆಯ ಮೂರು ಹನಿಗಳು ಗೇಣಂತರದಲ್ಲಿ ಬಿದ್ದು ಎರಡು ಸಮುದ್ರಗಳ ಪಾಲಾಗುವ ನೆಲ ಇದು.

ಇಂತಹ ಊರಿನಲ್ಲಿ ಮೂವತ್ತು ವರುಷ ಮಾಸ್ತರಿಕೆ ಮಾಡಿಯೂ ಆ ಅಂಚನ್ನು ಸೈಕಲ್ಲಿನ ಮೇಲೆ ಕುಳಿತು ದಾಟಬೇಕೆಂಬ ಬುದ್ಧಿ ನನಗೆ ಬಂದದ್ದು ನನ್ನ ಸೋದರಳಿಯನ ದೆಸೆಯಿಂದ. ಆತ ಕೆನಡಾದಲ್ಲಿ ನೌಕರಿಯಲ್ಲಿರುವವನು. ದೀಪಾವಳಿಗೆ ಬಂದವನು ಬಟ್ಟೆಬರೆಗಿಂತ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಕಳಚಿದ ಸೈಕಲ್ಲನ್ನು ತಂದಿದ್ದನು. ಪಡಸಾಲೆಯಲ್ಲಿ ಕುಳಿತು ಅದನ್ನು ಜೋಡಿಸುತ್ತ, ತಾನು ಅಲ್ಲಿ ಬೇಸಿಗೆಯ ರಜೆಗಳಲ್ಲಿ ಹೋಗುವ ವಿಸ್ಲರ್ ಎಂಬ ಬೆಟ್ಟದ ವಿಚಾರ ಹೇಳಿದನು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರನ್ನು ಮೇಲಕ್ಕೆ ಒಯ್ಯಲೆಂದು ಕಟ್ಟಿದ ತೂಗುಕುರ್ಚಿಗಳು ಹಿಮ ಕರಗಿದ ಮೇಲೆ ಸುಮ್ಮನೆ ನಿಲ್ಲಬಾರದೆಂದು ಅಲ್ಲಿಯವರು ಅವುಗಳಲ್ಲಿ ಸೈಕಲ್ಲಿನವರನ್ನು ಒಯ್ಯಲಾರಂಭಿಸಿದರಂತೆ.

“ಅಲ್ಲೆ ಹತ್ತೂದು ಅನ್ನೂದ ಇಲ್ಲರಿ ಮಾಮಾ. ಕುರ್ಚಿ ಸಾಲಾಗಿ ಬರ್ತಾವ, ಸೈಕಲ್ ಕೊಂಡಿಗೆ ಸಿಗಿಸಿ ಕೂತ್ರ ಮುಗೀತು, ಮ್ಯಾಲ ಒಯ್ದು ಬಿಡ್ತಾವ. ಅಲ್ಲಿಂದ ಬರೇ ಇಳಿಯೂದು.”

“ಇಳಿದ ಮ್ಯಾಲ?”

“ಮತ್ತ ಕುರ್ಚಿ.”

ಏರದೆ ಇಳಿಯುವ ಈ ಸುಖ ನನಗೆ ಮೊದಲು ಸ್ವಲ್ಪ ಅನ್ಯಾಯದ ಗಳಿಕೆಯಂತೆ ತೋರಿತು. ಹೊಲ ಉಳದವನು ರಾಶಿಗೆ ಬಂದು ನಿಂತಂತೆ. ಆದರೆ ಯೋಚಿಸಿದಷ್ಟೂ ನನ್ನ ಆಕ್ಷೇಪದ ಬುಡ ಸಡಿಲವಾಗತೊಡಗಿತು. ಲೋಂಡಾದವನಾದ ನಾನಾದರೂ ಈ ಎತ್ತರವನ್ನು ಯಾವ ದಿನ ಏರಿ ಸಂಪಾದಿಸಿದೆನು? ಅದು ನನಗೆ ಪಿತ್ರಾರ್ಜಿತವಾಗಿ ಬಂದದ್ದು. ಕೆಳಗಿನಿಂದ ಮೇಲೆತ್ತುವ ಕುರ್ಚಿಯ ವಿಷಯವೆಂದರೆ, ಅದಕ್ಕಿಂತ ಗಟ್ಟಿಮುಟ್ಟಾದ ಒಂದು ಏರ್ಪಾಡು ನಮ್ಮ ಘಟ್ಟದಲ್ಲಿ 1888ರಿಂದಲೂ ನಡೆದುಬಂದಿದೆ. ಬೆಳಿಗ್ಗೆ ಲೋಂಡಾದಿಂದ ರಾಮನಗರ, ಅನಮೋಡ ಮಾರ್ಗವಾಗಿ ರಸ್ತೆ ಹಿಡಿದು ಮೊಲೆಂವರೆಗೆ ಇಳಿಯುವುದು, ಅಲ್ಲಿಂದ ಕುಳೆಂ ಸ್ಟೇಶನ್ನಿಗೆ ಹೋಗುವುದು, ಸೈಕಲ್ಲುಗಳನ್ನು ರೈಲಿನ ಲಗೇಜು ಡಬ್ಬಿಗೆ ಹಾಕಿ ಘಟ್ಟ ಹತ್ತಿ ಸಂಜೆಗೆ ಮನೆ ಸೇರುವುದು: ಹೀಗೆಂದು ನಾನು ಸೂಚಿಸಿದಾಗ ಅಳಿಯ ಪಾನಾ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದನು. ಕಾಡಿನೊಳಗಿನ ಕಾಲುದಾರಿಗಳ ಆಸೆ ಅವನಿಗಿತ್ತು. ಆದರೆ ಒಂದು ಕಡೆಗೆ ಭೀಮಗಡದ ಅಭಯಾರಣ್ಯ, ಇನ್ನೊಂದು ಕಡೆಗೆ ಕಾಳಿ ಹುಲಿ ರಕ್ಷಿತಾರಣ್ಯ. ಅಪ್ಪಣೆಯಿಲ್ಲದೆ ಅಲ್ಲಿ ಚಕ್ರ ಹೊರಳಿಸುವುದು ಯುಕ್ತವೂ ಅಲ್ಲ, ಕ್ಷೇಮವೂ ಅಲ್ಲ. ರೈಲುಹಳಿಯ ಗುಂಟ ಹೋಗುವುದಂತೂ 1989ರ ರೈಲ್ವೆ ಕಾಯ್ದೆಯ ಮೇರೆಗೆ ಶಿಕ್ಷಾರ್ಹ. ಹೆದ್ದಾರಿಯೇ ಗತಿಯೆಂದು ಅವನು ಒಪ್ಪಿಕೊಂಡನು.

ಹೊರಡುವ ಮೊದಲು ಬಸ್‌ಸ್ಟ್ಯಾಂಡಿನ ಬಳಿಯ ಸೈಕಲ್ ರಿಪೇರಿಯವನ ಮುಂದೆ ಎರಡು ವಾಹನಗಳನ್ನೂ ನಿಲ್ಲಿಸಿದೆವು. ಅಳಿಯನ ಸೈಕಲ್ಲು ಮುಂದೆ ಹಿಂದೆ ಸ್ಪ್ರಿಂಗು, ಚಕ್ರದ ನಡುವೆ ತಟ್ಟೆಯಂತಹ ಡಿಸ್ಕು, ಅದನ್ನು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕು, ಅಂಗೈಯಗಲದ ಟಾಯರು ಇವುಗಳಿಂದ ಸುಸಜ್ಜಿತವಾಗಿ ಯುದ್ಧಸನ್ನದ್ಧ ಪ್ರಾಣಿಯಂತಿದ್ದಿತು. ನನ್ನದು ಹಾಲಿನವರು ಕ್ಯಾನು ತೂಗುಹಾಕುವ ಜಾತಿಯ ಹಳೆಯ ಕಪ್ಪು ಸೈಕಲ್ಲು. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಸಮೇತ ಭಾರವಾದದ್ದು. ತಂತಿಗೆ ಬದಲಾಗಿ ಕಬ್ಬಿಣದ ಕಡ್ಡಿಗಳಿಂದ ನಡೆಯುವ ಬ್ರೇಕಿನದು. ರಿಪೇರಿಯವನು ಮೊದಲನೆಯದನ್ನು ಎರಡು ಬೆರಳುಗಳಿಂದ ಎತ್ತಿ ನೋಡಿ ತಲೆದೂಗಿದನು. ನನ್ನದರ ಹಿಂದಿನ ಬ್ರೇಕನ್ನು ಹಿಚುಕಿ ನೋಡಿ, “ರಬ್ಬರ್ ಸವದಾವ್ರಿ ಮಾಸ್ತರ್ರ, ಹೊಸಾವು ಹಾಕ್ಲೇನು?” ಎಂದು ಕೇಳಿದನು. ಬಂದ ಮೇಲೆ ನೋಡೋಣವೆಂದೆನು. ಜಿಪುಣತನವೆಂದರೆ ಒಪ್ಪುತ್ತೇನೆ, ಹಳೆಯದರ ಮೇಲಿನ ಕುರುಡು ವಿಶ್ವಾಸವೆಂದರೂ ತಪ್ಪಿಲ್ಲ.

ರಾಮನಗರದವರೆಗಿನ ದಾರಿಯ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಲಾರಿ, ಧೂಳು, ಮತ್ತೆ ಲಾರಿ. ಕಾಳೀ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆಮಠ ಕಳೆದುಕೊಂಡವರಿಗೆ ನೆಲೆಯಾದ ಊರು ರಾಮನಗರ. ಇಲ್ಲಿಯ ಮುದುಕರು ತಮ್ಮ ಮೂಲ ಊರನ್ನು ಹೆಸರಿಸುವಾಗ ಕೈಯನ್ನು ದಿಕ್ಕಿನ ಕಡೆಗೆ ತೋರಿಸದೆ ನೆಲದ ಕಡೆಗೆ ತೋರಿಸುವುದನ್ನು ನಾನು ಹಿಂದೆ ಕಂಡಿದ್ದೆನು. ಅಲ್ಲಿ ಪುರಿಭಾಜಿ ತಿಂದು ಚಹಾ ಕುಡಿದು ಮುಂದಕ್ಕೆ ಸಾಗಿದೆವು. ಅನಮೋಡದವರೆಗೂ ಕಾಡು ದಟ್ಟವಾಗುತ್ತ ಬಂದಿತೇ ವಿನಾ ನೆಲದ ಮಟ್ಟದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಎಲ್ಲಿಯೋ ಮೇಲೆ ಮಂಗಟ್ಟೆ ಹಕ್ಕಿಯೊಂದು ಕಾಯಿ ಬಿಡಿಸಿಕೊಂಡು ಹಾರಿದಾಗ ಅದರ ರೆಕ್ಕೆಯ ಸದ್ದು ಕುಲುಮೆಯ ತಿದಿಯೊತ್ತಿದಂತೆ ಕೇಳಿಬಂದಿತು.

ಅಳಿಯನು ದಾರಿಯುದ್ದಕ್ಕೂ ತನ್ನ ವಿದ್ಯೆಯ ಪುರಾಣವನ್ನು ಹೇಳುತ್ತ ಬಂದನು. ಅದರಲ್ಲಿ ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ಬೆಟ್ಟವಿಳಿಯುವ ಸೈಕಲ್ಲಿನ ಈ ಆಟ ಮೊದಲಾದದ್ದು ಕ್ಯಾಲಿಫೋರ್ನಿಯಾದ ಮರಿನ್ ಸೀಮೆಯಲ್ಲಿ. ಅಲ್ಲಿಯ ಕೆಲವು ತರುಣರು 1976ರ ಅಕ್ಟೋಬರಿನಲ್ಲಿ, ಎರಡು ಮೈಲಿನೊಳಗಾಗಿ ಸಾವಿರದ ಮುನ್ನೂರು ಅಡಿ ಇಳಿಯುವ ಒಂದು ಮಣ್ಣುರಸ್ತೆಯಲ್ಲಿ ಪಂದ್ಯ ಹೂಡಿದರು. ಅವರ ಸೈಕಲ್ಲುಗಳಾದರೂ ಎಂತಹವು? ಮೂವತ್ತು ನಲವತ್ತು ವರುಷ ಹಿಂದಿನ, ದಪ್ಪ ಟಾಯರಿನ, ಹೆಣಭಾರದ ಗುಜರಿ ಗಾಡಿಗಳು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರದ ಗುಂಬದೊಳಗೇ ಹಿಡಿತವಾಗುವ ಬ್ರೇಕು ಅವಕ್ಕಿತ್ತು. ಒಂದೇ ಒಂದು ಇಳಿತಕ್ಕೆ ಆ ಗುಂಬದೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿದ್ದುದರಿಂದ, ಕೆಳಗೆ ಬಂದೊಡನೆ ಅದನ್ನು ಬಿಚ್ಚಿ ಮರಳಿ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವುದನ್ನೇ ಕುರಿತ ‘ರೀಪ್ಯಾಕ್’ ಎಂಬ ಹೆಸರು ಆ ಪಂದ್ಯಕ್ಕೂ ಆ ರಸ್ತೆಗೂ ನಿಂತಿತು. ಮೇಲಕ್ಕೆ ಹೋಗಲು ಅವರು ಟ್ರಕ್ಕನ್ನು ನೆಚ್ಚಿದ್ದರು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಈ ಆಟಕ್ಕೆ ಅಧಿಕೃತವಾದ ವಿಶ್ವ ಚಾಂಪಿಯನ್‌ಶಿಪ್ಪು ನಡೆಯಿತು. ಹಾಗಾದರೆ, ಅಳಿಯನ ಸರ್ವಾಲಂಕೃತ ವಾಹನದ ಮುತ್ತಜ್ಜ ನನ್ನ ಕಪ್ಪು ಸೈಕಲ್ಲಿನ ಸಮೀಪದ ಬಂಧುವೇ ಆಗಬೇಕಷ್ಟೆ. ಈ ವಂಶಾವಳಿಯನ್ನು ನಾನು ಎತ್ತಿ ತೋರಿಸಿದಾಗ ಅವನು ನಕ್ಕು, “ಅಜ್ಜನ್ನ ಮುಂದ ಬಿಡ್ತೇನ್ರಿ ಹಂಗಾರ” ಎಂದನು.

ಅನಮೋಡ ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ನೆಲ ಮುಗಿಯಿತು. ಮರಗಳ ನಡುವೆ ತೆರವಾದೆಡೆಯಲ್ಲಿ ಮುಂದೆ ಇರಬೇಕಾದ ಕಾಡು ಇರದೆ, ಬಹು ಕೆಳಗೆ, ನೀಲಿಯ ಹೊಗೆಯಲ್ಲಿ ಅದ್ದಿ ತೆಗೆದಂತಹ ಇನ್ನೊಂದು ಕಾಡು, ಅದರಾಚೆಗೆ ಇನ್ನೊಂದು ದೇಶವೇ ಹರಡಿತ್ತು. ರಸ್ತೆ ಎಡಕ್ಕೆ ಹೊರಳಿ, ಬೆಟ್ಟದ ಮಗ್ಗುಲನ್ನು ಕೆತ್ತಿದ ಜಾಡಿನಲ್ಲಿ ಕೆಳಗಿಳಿಯತೊಡಗಿತು. ಪೆಡಲು ತುಳಿಯುವುದನ್ನು ಬಿಟ್ಟೆನು. ಸೈಕಲ್ಲು ತಾನಾಗಿಯೇ ಹೊರಟಿತು. ಮೊದಲು ಸೌಮ್ಯವಾಗಿ, ತರುವಾಯ ಸ್ವಲ್ಪ ಅವಸರದಿಂದ, ಆಮೇಲೆ ನನ್ನ ಅಭಿಪ್ರಾಯವನ್ನು ಕೇಳುವ ಸೌಜನ್ಯವನ್ನೂ ತೊರೆದು. ಕಿವಿಯಲ್ಲಿ ಗಾಳಿ ತುಂಬಿತು. ಫ್ರೀವೀಲಿನ ಕಟಕಟ ಸದ್ದು ಒಂದಕ್ಕೊಂದು ಕೂಡಿಕೊಂಡು ಜೀರುಂಡೆಯ ನಾದವಾಯಿತು. ಆರು ದಶಕಗಳ ಶರೀರವೊಂದು ತಾನು ಏನನ್ನೂ ಮಾಡದೆ ಇಷ್ಟು ವೇಗವನ್ನು ಪಡೆಯಬಲ್ಲುದೆಂಬುದು ವಿಸ್ಮಯದ ವಿಷಯವೇ. ಆ ಕ್ಷಣದಲ್ಲಿ ನಾನು ಅಳಿಯನ ಕುರ್ಚಿಗಳ ಮೇಲಿನ ನನ್ನ ಆಕ್ಷೇಪವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆನೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಆದರೆ ಇಳಿಯುವುದು ಸುಮ್ಮನಿರುವುದಲ್ಲವೆಂಬುದು ಎರಡನೆಯ ತಿರುವಿನಲ್ಲಿಯೇ ವಿದಿತವಾಯಿತು. ಹತ್ತುವವನು ತಪ್ಪಿದರೆ ನಿಲ್ಲುತ್ತಾನೆ. ಇಳಿಯುವವನು ತಪ್ಪಿದರೆ ನಿಲ್ಲುವುದಿಲ್ಲ. ಅಳಿಯ ಹಿಂದಿನಿಂದ ಕೂಗಿ ಹೇಳುತ್ತಿದ್ದನು: ಬ್ರೇಕು ಹಿಡಿಯುವುದಿದ್ದರೆ ತಿರುವಿಗೆ ಮುಂಚೆ, ನೆಟ್ಟಗಿನ ದಾರಿಯಲ್ಲಿ ಹಿಡಿಯಬೇಕು, ತಿರುವಿನೊಳಗೆ ಬಿಡಬೇಕು. ಎರಡು ಪೆಡಲುಗಳೂ ಒಂದೇ ಮಟ್ಟದಲ್ಲಿರಬೇಕು. ಕಣ್ಣು ಗುಂಡಿಯನ್ನು ನೋಡಬಾರದು, ಹೋಗಬೇಕಾದ ಕಡೆಯನ್ನು ನೋಡಬೇಕು. ಗುಂಡಿಯನ್ನು ನೋಡಿದವನು ಗುಂಡಿಗೇ ಹೋಗುತ್ತಾನೆ. ಮುಂದಿನ ಬ್ರೇಕಿನಲ್ಲಿ ಬಲವಿದೆ, ಆದರೆ ಅದನ್ನು ಥಟ್ಟನೆ ಹಿಚುಕಿದವನು ಹ್ಯಾಂಡಲ್ಲಿನ ಮೇಲಿಂದ ಹಾರುತ್ತಾನೆ. ಇಷ್ಟನ್ನೂ ಪಾಲಿಸಲು ಹೋಗಿ ನಾನು ನಿಡಿದಾದ ಇಳಿಜಾರಿನಲ್ಲಿ ಒಂದೇ ಸಮನೆ ಹಿಂದಿನ ಬ್ರೇಕನ್ನು ಒತ್ತಿಹಿಡಿದುಕೊಂಡಿದ್ದೆನು. ಅದು ಎಂತಹ ಮೂರ್ಖತನವೆಂಬುದಕ್ಕೆ ಲೆಕ್ಕವೇ ಇದೆ. ಮನುಷ್ಯನೂ ಸೈಕಲ್ಲೂ ಕೂಡಿ ತೊಂಬತ್ತು ಕಿಲೋ ತೂಗುವರೆಂದು ಇಟ್ಟುಕೊಂಡರೆ, ಐನೂರು ಮೀಟರು ಇಳಿಯುವುದರಲ್ಲಿ ಒಂದು ಲೀಟರಿಗೂ ಮಿಕ್ಕಿದ ತಣ್ಣೀರನ್ನು ಕುದಿಸಬಲ್ಲಷ್ಟು ಶಕ್ತಿ ಹೊರಬರುತ್ತದೆ. ಅದರಲ್ಲಿ ಕೆಲವಂಶವನ್ನು ಗಾಳಿ ಒಯ್ಯುತ್ತದೆ; ಉಳಿದುದೆಲ್ಲ ಶಾಖವಾಗಿ ರಿಮ್ಮಿನ ಮತ್ತು ಹೆಬ್ಬೆರಳಷ್ಟು ರಬ್ಬರಿನ ಪಾಲು. ಹತ್ತು ಮಂದಿಗೆ ಚಹಾ ಕಾಯಿಸುವ ಒಲೆಯನ್ನು ನಾನು ಸೀಟಿನ ಕೆಳಗೆ ಹೊತ್ತಿಸಿಕೊಂಡು ಹೊರಟಿದ್ದೆನು.

ಸುಟ್ಟ ರಬ್ಬರಿನ ವಾಸನೆ ಮೊದಲು ಬಂದಿತು. ಲಾರಿಯದಿರಬೇಕೆಂದುಕೊಂಡೆನು. ಮರುಗಳಿಗೆ ಬ್ರೇಕಿನ ಹಿಡಿಯು ಏನನ್ನೂ ಹಿಡಿಯದೆ ಹ್ಯಾಂಡಲ್ಲಿಗೆ ಬಂದು ತಾಗಿತು. ಕೆಳಗೆ ಕಬ್ಬಿಣವು ಕಬ್ಬಿಣವನ್ನು ಉಜ್ಜುವ ಕಿರ್ರೆಂಬ ಸದ್ದು. ಎದುರಿಗೆ ತಿರುವು, ತಿರುವಿನಲ್ಲಿ ಉಸಿರುಗರೆಯುತ್ತ ಮೇಲೇರುವ ಭಾರದ ಲಾರಿ. ಬಲಗಡೆ ಕಣಿವೆ. ಎಡಗಡೆ ಬೆಟ್ಟದ ಬುಡದ ಗಟಾರದಲ್ಲಿ ಮಳೆಗಾಲದ ನೀರು ತಂದಿಟ್ಟ ಕೆಮ್ಮಣ್ಣು ರಾಶಿಯಾಗಿತ್ತು. ನಾನು ಗುಂಡಿಯನ್ನು ನೋಡಬಾರದೆಂಬ ಉಪದೇಶವನ್ನು ಉಲ್ಲಂಘಿಸಿ ಆ ರಾಶಿಯನ್ನೇ ನೆಟ್ಟದೃಷ್ಟಿಯಿಂದ ನೋಡಿದೆನು. ಅಳಿಯನ ಶಾಸ್ತ್ರ ಸುಳ್ಳಾಗಲಿಲ್ಲ. ಸೈಕಲ್ಲು ಹೋಗಿ ಅಚ್ಚಿನವರೆಗೆ ಮಣ್ಣಿನಲ್ಲಿ ಹುಗಿದು ನಿಂತಿತು, ನಾನು ನಿಲ್ಲದೆ ಇನ್ನೂ ಸ್ವಲ್ಪ ಮುಂದಕ್ಕೆ ಹೋಗಿ ಕುಳಿತೆನು. ಮೊಣಕೈ ತರಚಿತ್ತು, ಧೋತರ ಹರಿದಿತ್ತು, ಮಿಕ್ಕಂತೆ ಕ್ಷೇಮ. ಲಾರಿಯ ಚಾಲಕನು ಕಿಟಕಿಯಿಂದ ತಲೆ ಹೊರಹಾಕಿ ಮರಾಠಿಯಲ್ಲಿ ಏನೋ ಅಂದನು. ವಯಸ್ಸಿಗೆ ತಕ್ಕ ಬುದ್ಧಿಯ ವಿಷಯವಿರಬೇಕು. ರಿಮ್ಮನ್ನು ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡೆನು.

ಅಲ್ಲಿಂದ ಮುಂದೆ ಕಡಿದಾದೆಡೆಯಲ್ಲೆಲ್ಲ ನಡೆದೆನು, ಮಿಕ್ಕೆಡೆ ಮುಂದಿನ ಬ್ರೇಕೊಂದನ್ನೇ ನೆಚ್ಚಿ ಆಮೆಯ ವೇಗದಲ್ಲಿ ಇಳಿದೆನು. ಅಳಿಯನಿಗೆ ನಿನ್ನ ಪಾಡಿಗೆ ನೀನು ಹೋಗೆಂದೆನು, ಆತ ಹೋಗಲಿಲ್ಲ. ಒಂದೆರಡು ತಿರುವುಗಳಷ್ಟು ಮುಂದೆ ಹೋಗುವುದು, ಮೋಟುಗೋಡೆಯ ಮೇಲೆ ಕುಳಿತು ಕಾಯುವುದು, ನಾನು ಬಂದು ಸೇರಿದಾಗ ಏನೂ ಆಗದವನಂತೆ ಏಳುವುದು. ಅವನು ತಿರುವನ್ನು ತೆಗೆದುಕೊಳ್ಳುವ ರೀತಿಯನ್ನು ಆಗ ನಾನು ಬಿಡುವಾಗಿ ನೋಡಿದೆನು. ಸೀಟಿನಿಂದ ಎದ್ದು ಮೊಣಕಾಲನ್ನು ಸಡಿಲವಾಗಿ ಮಡಿಸಿ ನಿಲ್ಲುವನು. ಸೈಕಲ್ಲು ಕೆಳಗೆ ಓಲಾಡಿದರೂ ದೇಹ ಓಲಾಡದು. ತಲೆ ಮಾತ್ರ, ಬಾವಿಯೊಳಗೆ ಇಣುಕಿ ನೋಡುವವನಂತೆ, ತಿರುವಿನಾಚೆಗೆ ಮೊದಲೇ ಹೋಗಿರುವುದು.

ಮೊಲೆಂದಲ್ಲಿ ಗಾಳಿಯೇ ಬೇರೆಯಾಗಿತ್ತು. ಬೆವರು ಒಣಗದ, ತೆಂಗು ಗೇರುಗಳ, ಕೆಳನಾಡಿನ ಗಾಳಿ. ಕುಳೆಂ ಸ್ಟೇಶನ್ನಿನಲ್ಲಿ ಸೈಕಲ್ಲುಗಳಿಗೆ ಚೀಟಿ ಮಾಡಿಸಿ, ರೈಲು ಬಂದು ನಿಂತ ಮೇಲೆ ಅದರ ಬಾಲಕ್ಕೆ ಒತ್ತುಗೊಡುವ ಎಂಜಿನುಗಳನ್ನು ಜೋಡಿಸುವ ಕ್ರಿಯೆಯನ್ನು ನೋಡುತ್ತ ನಿಂತೆವು. ಅಳಿಯನಿಗೆ ನನ್ನ ‘ಕುರ್ಚಿ’ಯನ್ನು ತೋರಿಸುವ ಸಮಯ ಈಗ ಬಂದಿತ್ತು.

ಕುಳೆಂದಿಂದ ಕ್ಯಾಸಲ್‌ರಾಕಿನವರೆಗೆ, ಸುಮಾರು ಇಪ್ಪತ್ತಾರು ಕಿಲೋಮೀಟರಿನ ಈ ಘಟ್ಟಮಾರ್ಗದಲ್ಲಿ ಹಳಿಯು ಮೂವತ್ತೇಳು ಅಡಿ ನಡೆದರೆ ಒಂದಡಿ ಏರುತ್ತದೆ. ಸೈಕಲ್ಲಿನವನಿಗೆ ಅದು ಏರೇ ಅಲ್ಲ. ಹಾಡು ಗುನುಗುತ್ತ ತುಳಿದುಕೊಂಡು ಹೋಗಬಹುದು. ರೈಲಿಗಾದರೋ ಅದು ಪ್ರಾಣಸಂಕಟ. ಉಕ್ಕಿನ ಚಕ್ರವು ಉಕ್ಕಿನ ಹಳಿಯ ಮೇಲೆ ಬಹು ಕಡಮೆ ಘರ್ಷಣೆಯಿಂದ ಉರುಳುವುದೇ ರೈಲಿನ ಮಹಾಗುಣ. ಸಮತಲದಲ್ಲಿ ಸಾವಿರಾರು ಟನ್ನುಗಳನ್ನು ಒಂದು ಎಂಜಿನು ಎಳೆದೊಯ್ಯುವುದು ಆ ಗುಣದ ಬಲದಿಂದ. ಏರಿನಲ್ಲಿ ಅದೇ ಗುಣ ಕಾಲು ಜಾರಿಸುತ್ತದೆ. ಆದಕಾರಣ ಮುಂದಿನಿಂದ ಎಳೆಯುವವು, ಹಿಂದಿನಿಂದ ದೂಡುವವು, ಹೀಗೆ ಎರಡು ಕಡೆಯೂ ಎಂಜಿನುಗಳು. ಹತ್ತುವ ಕಷ್ಟ ಇಷ್ಟು. ಆದರೂ ಹಳಬರಾದ ರೈಲ್ವೆಯವರನ್ನು ಕೇಳಿನೋಡಿರಿ. ಅವರು ಭಯದಿಂದ ಮಾತಾಡುವುದು ಇಳಿಯುವ ಗಾಡಿಯ ವಿಷಯ. ಕ್ಯಾಸಲ್‌ರಾಕಿನಲ್ಲಿ ಬ್ರೇಕಿನ ಬಲವನ್ನು ಪರೀಕ್ಷಿಸಿ ನೋಡದೆ ಗಾಡಿಯನ್ನು ಕೆಳಗೆ ಬಿಡುವಂತಿಲ್ಲ. ನಡುದಾರಿಯಲ್ಲಿ, ಕೈತಪ್ಪಿದ ಗಾಡಿಯನ್ನು ಮುಖ್ಯ ಹಳಿಯಿಂದ ಬೇರ್ಪಡಿಸಿ, ಎದುರೇರಿಗೆ ತಿರುಗಿಸಿ, ತಾನಾಗಿ ಸೋತು ನಿಲ್ಲುವಂತೆ ಮಾಡುವ ಬೇರೆ ಹಳಿಗಳನ್ನು ಹಾಕಿಟ್ಟಿದ್ದಾರೆ. ಅಳಿಯನಿಗೆ ಅದನ್ನು ವಿವರಿಸಿದಾಗ ಅವನು, “ಅಂದ್ರ ನಿಮ್ಮ ಮಣ್ಣಿನ ರಾಶಿ” ಎಂದನು.

ಈ ಹಳಿಯ ಚರಿತ್ರೆಯೂ ಸ್ವಾರಸ್ಯವಾದದ್ದು. 1878ರಲ್ಲಿ ಆಂಗ್ಲರೂ ಪೋರ್ತುಗೀಸರೂ ಒಪ್ಪಂದ ಮಾಡಿಕೊಂಡರು. ಗೋವೆಯ ಉಪ್ಪಿನ ತಯಾರಿಕೆಯ ಮೇಲೆ ಆಂಗ್ಲರಿಗೆ ಹಿಡಿತ, ಪೋರ್ತುಗೀಸರಿಗೆ ಮುರಗಾಂವ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು. ಕೆಳಗಿನ ಭಾಗ ಪೋರ್ತುಗೀಸ್ ಹೆಸರಿನದು, ಮೇಲಿನದು ಸದರ್ನ್ ಮರಾಠಾ ರೈಲ್ವೆಯದು. ಧಾರವಾಡ ಸೀಮೆಯ ಹತ್ತಿ ಈ ದಾರಿಯಿಂದ ಹಡಗು ಹತ್ತಲಿಯೆಂಬುದು ಎಣಿಕೆ. ಪೋರ್ತುಗಲ್ಲಿನ ರಾಜಮನೆತನದ ಹೆಸರು ಘಟ್ಟಕ್ಕೆ ಬಂದು ಅದು ಬ್ರಗಾಂಝಾ ಘಟ್ಟವೆನಿಸಿತು. ಕ್ಯಾಸಲ್‌ರಾಕು ಎರಡು ಸಾಮ್ರಾಜ್ಯಗಳ ನಡುವಿನ ಬಾಗಿಲಾಯಿತು. ಪ್ರಯಾಣಿಕರ ಗಂಟುಮೂಟೆಗಳನ್ನು ಅಲ್ಲಿ ಬಿಚ್ಚಿ ನೋಡುತ್ತಿದ್ದರು. 1955ರಲ್ಲಿ, ಗೋವಾ ಸತ್ಯಾಗ್ರಹದ ಬಿಸಿಯಲ್ಲಿ, ಆ ಬಾಗಿಲು ಮುಚ್ಚಿ ರೈಲು ನಿಂತುಹೋಯಿತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ತರುವಾಯವೇ ಮತ್ತೆ ತೆರೆದದ್ದು. ಈಗ ಹತ್ತಿಯ ಮಾತು ಯಾರಿಗೂ ನೆನಪಿಲ್ಲ. ಬಂದರಿನ ಕಲ್ಲಿದ್ದಲು ಇದೇ ಏರನ್ನು ಏರಿ ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳಿಗೆ ಹೋಗುತ್ತದೆ.

ಸೋನಾಲಿಂ ದಾಟಿದ ಮೇಲೆ ಕಿಟಕಿಯವರೆಲ್ಲ ಒಂದೇ ಕಡೆಗೆ ಸರಿದರು. ದೂಧಸಾಗರವು ಮಳೆಗಾಲದ ಅಬ್ಬರವನ್ನು ಕಳೆದುಕೊಂಡು, ಬಂಡೆಯ ಮೇಲೆ ಒಣಹಾಕಿದ ಬಿಳಿಯ ವಸ್ತ್ರಗಳಂತೆ ನಾಲ್ಕಾರು ಪಟ್ಟಿಗಳಾಗಿ ಇಳಿಯುತ್ತಿತ್ತು. ಮುನ್ನೂರು ಮೀಟರಿಗೂ ಮಿಕ್ಕಿದ ಆ ಇಳಿತದ ಎದುರಿಗೆ ನಮ್ಮ ಗಾಡಿ, ಹಿಂದಿನ ಎಂಜಿನುಗಳ ನರಳಾಟದೊಡನೆ, ನಡೆಯುವವನಿಗಿಂತ ತುಸು ಬೇಗನೆ ಮೇಲೇರುತ್ತಿತ್ತು. ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಸುರಂಗವೊಂದರ ಕತ್ತಲೆಯಲ್ಲಿ, “ಅಲ್ಲಿ ಕುರ್ಚಿಯೊಳಗ ಕೂತಾಗ ಯಾರು ಎಳೀತಾರ ಅನ್ನೂದು ಗೊತ್ತ ಆಗೂದಿಲ್ಲರಿ ಮಾಮಾ” ಎಂದನು. ಬೆಳಕು ಬಂದಾಗ ಅವನು ಮತ್ತೆ ಕಿಟಕಿಯ ಕಡೆಗೆ ತಿರುಗಿದ್ದನು.

ಕ್ಯಾಸಲ್‌ರಾಕಿನಿಂದ ತಿನೈಘಾಟ, ಅಲ್ಲಿಂದ ಲೋಂಡಾ. ಇಳಿಯುವ ಹೊತ್ತಿಗೆ ದೀಪ ಹತ್ತಿತ್ತು. ಸುತ್ತಲೂ ಅದೇ ಸಮನಾದ ನೆಲ, ಅದೇ ಗದ್ದೆ, ಚಹಾದಂಗಡಿಯ ಅದೇ ಬೆಂಚು. ಇಷ್ಟೊಂದು ಎತ್ತರ ಎಲ್ಲಿ ಅಡಗಿದೆಯೆಂದು ಹುಡುಕಿದರೂ ಕಾಣದು.

ಮರುದಿನ ಬೆಳಿಗ್ಗೆ ಸೈಕಲ್ಲನ್ನು ದೂಡಿಕೊಂಡು ರಿಪೇರಿಯವನಲ್ಲಿಗೆ ಹೋದೆನು. ಅವನು ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ, ಬಗ್ಗಿ ನೋಡಿ, “ಮಾಸ್ತರ್ರ, ಇದರಾಗ ರಬ್ಬರ್ ಎಲ್ಲೈತ್ರಿ?” ಎಂದನು. ಈ ದಾರಿಯಲ್ಲಿ ಇಳಿಯಬೇಕೆನ್ನುವವರು ದಸರೆ ಕಳೆದು ರಸ್ತೆ ಒಣಗಿದ ಮೇಲೆ ಬರಲಿ, ಲಾರಿಗಳು ಕಡಮೆಯಿರುವ ನಸುಕಿನಲ್ಲಿ ಹೊರಡಲಿ, ಬ್ರೇಕಿನ ಕೆಲಸವನ್ನು ಲೋಂಡಾದಲ್ಲಿಯೇ ಮುಗಿಸಿಕೊಳ್ಳಲಿ. ಅನಮೋಡ ದಾಟಿದ ಮೇಲೆ ಘಟ್ಟದ ಬುಡದವರೆಗೆ ಸೈಕಲ್ಲಿನ ಅಂಗಡಿ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ನಾನು ನಾಲ್ಕೂ ರಬ್ಬರುಗಳನ್ನು ಹೊಸದಾಗಿ ಹಾಕಿಸಿದೆನು.